ರಿಪೋರ್ಟ್ ಕೈಗೆ ಬಂದಾಗ ಕೇಳಬಾರದ ಪ್ರಶ್ನೆ



ಕೆಲವು ತಿಂಗಳ ಹಿಂದಿನ ಮಾತು. ಲುಸೈಲಿನಲ್ಲಿ ಕೆಲಸಕ್ಕಿರುವ ನಮ್ಮ ಸದಸ್ಯರೊಬ್ಬರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಮಗೆ ಫೋನ್ ಮಾಡಿದರು. ಊರಿನಲ್ಲಿರುವ ಹೆಂಡತಿ ವಾಟ್ಸಾಪಿನಲ್ಲಿ ಒಂದು ರಿಪೋರ್ಟಿನ ಫೋಟೋ ಕಳಿಸಿದ್ದರು. ಅದರಲ್ಲಿ ಇವರಿಗೆ ಓದಲಿಕ್ಕಾದದ್ದು ಎರಡೇ ಸಾಲು. ಒಂದರಲ್ಲಿ 'ಎಚ್‌ಎಸ್‌ಐಎಲ್' ಎಂದಿತ್ತು, ಇನ್ನೊಂದರಲ್ಲಿ 'ಎಚ್‌ಪಿವಿ 16 ಪಾಸಿಟಿವ್' ಎಂದಿತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿದವರು ಅರ್ಧ ಗಂಟೆಯಲ್ಲಿ ಬೆವರಿ ಹೋಗಿದ್ದರು. ಅವರ ಮೊದಲ ಪ್ರಶ್ನೆ, "ಇದು ಕ್ಯಾನ್ಸರಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ವರ ತಗ್ಗಿಸಿ ಎರಡನೆಯದನ್ನು ಕೇಳಿದರು: "ಇದು ಎಲ್ಲಿಂದ ಬಂತು?"

ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಇದನ್ನು ಬರೆಯುತ್ತಿದ್ದೇವೆ. ಮೊದಲ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಸಮಾಧಾನದ ಉತ್ತರವೂ ಇದೆ. ಎರಡನೆಯದು ಮಾತ್ರ ಒಂದು ಮನೆಯನ್ನೇ ಒಡೆಯಬಲ್ಲ ಪ್ರಶ್ನೆ. ಗಂಡ ಕತರಿನಲ್ಲಿ, ಹೆಂಡತಿ ಊರಿನಲ್ಲಿ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಭೇಟಿ. ಇಂಥ ಸಂಸಾರಗಳ ನಡುವೆ ಆ ಪ್ರಶ್ನೆ ಎಷ್ಟು ಭಾರದ್ದು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಸಂಚಿಕೆಯಲ್ಲಿ ನಾಚಿಕೆಯನ್ನು ಸ್ವಲ್ಪ ಬದಿಗಿಟ್ಟು ಈ ವಿಷಯ ಮಾತಾಡಲೇಬೇಕು ಎಂದು ನಾವು ತೀರ್ಮಾನಿಸಿದ್ದು ಅದಕ್ಕೇ.

ಗರ್ಭಕೋಶದ ಕೆಳತುದಿಗೆ ಗರ್ಭಕೊರಳು ಎನ್ನುತ್ತಾರೆ. ಅಲ್ಲಿ ಬರುವ ಕ್ಯಾನ್ಸರಿಗೆ ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಲ್ಲೂ ಕಾರಣ ಒಂದೇ, ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್. ಚಿಕ್ಕದಾಗಿ ಎಚ್‌ಪಿವಿ. ಇದನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್ಸಿನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ. ಅಪಾಯದವು ಹದಿನಾಲ್ಕರಷ್ಟು. ಅವುಗಳಲ್ಲೂ 16 ಮತ್ತು 18 ಎಂಬ ಎರಡೇ ಬಗೆಗಳಿಂದ ಈ ಕ್ಯಾನ್ಸರಿನ ಸುಮಾರು ಶೇ. 70 ಪ್ರಕರಣಗಳು ಬರುತ್ತವೆ.

ಆದರೆ ವೈರಸ್ ಬಂತು ಎಂದರೆ ಕ್ಯಾನ್ಸರ್ ಬಂತು ಎಂದಲ್ಲ. ದಾಂಪತ್ಯ ಜೀವನ ನಡೆಸುವ ಗಂಡು ಹೆಣ್ಣುಗಳಲ್ಲಿ ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ತಗಲಿಯೇ ಇರುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ದೇಹ ಒಂದೆರಡು ವರ್ಷಗಳಲ್ಲಿ ತಾನೇ ಅದನ್ನು ಹೊರಗೆ ಹಾಕುತ್ತದೆ. ಅವರಿಗೆ ಅದು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಕೆಲವರಲ್ಲಿ ಮಾತ್ರ ಅದು ಗಟ್ಟಿಯಾಗಿ ಕೂತುಬಿಡುತ್ತದೆ. ಆಗ ಗರ್ಭಕೊರಳಿನ ಜೀವಕೋಶಗಳು ನಿಧಾನಕ್ಕೆ ರೂಪ ಬದಲಿಸುತ್ತವೆ. ಈ ಬದಲಾವಣೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತು ವರ್ಷ ಹಿಡಿಯುತ್ತದೆ. ಇಷ್ಟು ದೀರ್ಘ ಕಾಲಾವಕಾಶ ಕೊಡುವ ಕ್ಯಾನ್ಸರ್ ಬೇರೆ ಕಡಿಮೆ. ಆ ಕಾಲದಲ್ಲಿ ನೋವಿಲ್ಲ, ರಕ್ತವಿಲ್ಲ, ಯಾವ ಲಕ್ಷಣವೂ ಇಲ್ಲ. ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಗೊತ್ತಾದರೆ ಕ್ಯಾನ್ಸರ್ ಆಗುವ ಮೊದಲೇ ಕಿತ್ತುಹಾಕಬಹುದು.

ಈ ಪರೀಕ್ಷೆಯ ಹಿಂದೆ ನಮ್ಮಂಥವರದೇ ಒಂದು ಕತೆ ಇದೆ. 1913ರಲ್ಲಿ ಗ್ರೀಸ್ ದೇಶದ ಜಾರ್ಜ್ ಪ್ಯಾಪನಿಕೊಲಾವ್ ಎಂಬ ವೈದ್ಯ ಹೆಂಡತಿಯೊಡನೆ ನ್ಯೂಯಾರ್ಕಿಗೆ ವಲಸೆ ಹೋದರು. ಕೈಯಲ್ಲಿ ಹಣವಿಲ್ಲ, ಅಲ್ಲಿನ ಭಾಷೆ ಬರುವುದಿಲ್ಲ. ವೈದ್ಯರಾಗಿದ್ದವರು ಒಂದು ದೊಡ್ಡ ಅಂಗಡಿಯಲ್ಲಿ ಜಮಖಾನ ಮಾರಿದರು. ಹೆಂಡತಿ ಅದೇ ಅಂಗಡಿಯಲ್ಲಿ ಬಟ್ಟೆಗೆ ಗುಂಡಿ ಹೊಲಿದರು. ಇಂಜಿನಿಯರಿಂಗ್ ಓದಿ ಬಂದು ಸ್ಟೋರಿನಲ್ಲಿ ಲೆಕ್ಕ ಬರೆಯುವ ನಮ್ಮ ಹುಡುಗರಿಗೆ ಇದು ಹೊಸ ಸಂಗತಿಯೇನಲ್ಲ. ಮುಂದೆ ಅವರಿಗೆ ಪ್ರಯೋಗಾಲಯದ ಕೆಲಸ ಸಿಕ್ಕಿತು. ಗರ್ಭಕೊರಳಿನಿಂದ ಉದುರುವ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಟ್ಟ ಬದಲಾವಣೆ ಕಾಣುತ್ತದೆ ಎಂದು ಅವರು ಕಂಡುಕೊಂಡರು. ವರ್ಷಗಟ್ಟಲೆ ಆ ಮಾದರಿಯನ್ನು ಕೊಟ್ಟವರು ಅವರ ಹೆಂಡತಿಯೇ. 1928ರಲ್ಲಿ ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1940ರ ದಶಕದಲ್ಲಿ ಒಪ್ಪಿದರು. ಅವರ ಹೆಸರಿನ ಮೊದಲ ಅಕ್ಷರಗಳಿಂದಲೇ ಅದು 'ಪ್ಯಾಪ್ ಸ್ಮಿಯರ್' ಆಯಿತು. ಅದನ್ನು ಕ್ರಮವಾಗಿ ಮಾಡಿದ ದೇಶಗಳಲ್ಲಿ ಈ ಕ್ಯಾನ್ಸರಿನ ಸಾವು ಅರ್ಧಕ್ಕಿಂತ ಹೆಚ್ಚು ಇಳಿದಿದೆ.

ಈಗ ಮೂರು ಬಗೆಯ ಪರೀಕ್ಷೆಗಳಿವೆ. ಒಂದು ಈ ಪ್ಯಾಪ್ ಸ್ಮಿಯರ್, ಜೀವಕೋಶ ಬದಲಾಗಿದೆಯೇ ಎಂದು ನೋಡುವುದು. ಇನ್ನೊಂದು ಎಚ್‌ಪಿವಿ ಪರೀಕ್ಷೆ, ಅಪಾಯದ ವೈರಸ್ ಇದೆಯೇ ಎಂದು ನೋಡುವುದು. ವಿಶ್ವ ಆರೋಗ್ಯ ಸಂಸ್ಥೆ ಈಗ ಮೊದಲ ಆಯ್ಕೆ ಮಾಡಿರುವುದು ಇದನ್ನೇ: 30ನೇ ವಯಸ್ಸಿನಿಂದ ಶುರು ಮಾಡಿ ಐದರಿಂದ ಹತ್ತು ವರ್ಷಕ್ಕೊಮ್ಮೆ. ಇದಕ್ಕೆ ಬೇಕಾದ ಮಾದರಿಯನ್ನು ಮಹಿಳೆ ತಾನೇ ಒಂದು ಸಣ್ಣ ಬ್ರಶ್ಶಿನಿಂದ ತೆಗೆದುಕೊಡಬಹುದು, ಇನ್ನೊಬ್ಬರು ನೋಡಬೇಕಾಗಿಯೇ ಇಲ್ಲ. ಈ ಸೌಕರ್ಯ ಎಲ್ಲ ಕಡೆ ಸಿಗುವುದಿಲ್ಲ, ಆದರೂ ಕೇಳಿ ನೋಡಬಹುದು. ಮೂರನೆಯದು ವಿಐಎ. ಅಡುಗೆಮನೆಯ ವಿನೆಗರಿನಂಥದೇ ತೆಳು ಆಮ್ಲವನ್ನು ಗರ್ಭಕೊರಳಿಗೆ ಹಚ್ಚಿ ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಕೆಟ್ಟ ಬದಲಾವಣೆ ಆದ ಜಾಗ ಬೆಳ್ಳಗೆ ಕಾಣುತ್ತದೆ. ಫಲಿತಾಂಶ ಅಲ್ಲೇ, ಆಗಲೇ.

ಇನ್ನು ಆ ರಿಪೋರ್ಟಿನ ಭಾಷೆ. 'ಎನ್‌ಐಎಲ್‌ಎಂ' ಎಂದಿದ್ದರೆ ಕೆಟ್ಟ ಬದಲಾವಣೆ ಇಲ್ಲ, ನಿಶ್ಚಿಂತೆಯಿಂದಿರಿ. 'ಆಸ್ಕಸ್' ಎಂದರೆ ಜೀವಕೋಶ ಸ್ವಲ್ಪ ಬೇರೆ ಥರ ಕಾಣುತ್ತಿದೆ, ಖಚಿತವಾಗಿ ಹೇಳಲಾಗದು, ಎಚ್‌ಪಿವಿ ಪರೀಕ್ಷೆ ಮಾಡಿ ಅಥವಾ ಸ್ವಲ್ಪ ಕಾಲ ಬಿಟ್ಟು ಇನ್ನೊಮ್ಮೆ ನೋಡಿ ಎಂದು. 'ಎಲ್‌ಎಸ್‌ಐಎಲ್' ಎಂದರೆ ವೈರಸ್ಸಿನಿಂದಾದ ಹಗುರ ಬದಲಾವಣೆ. 'ಕೊಯಿಲೋಸೈಟ್' ಎಂಬ ಪದವೂ ಕೆಲವೊಮ್ಮೆ ಇರುತ್ತದೆ. ಜೀವಕೋಶದ ನಡುವಿನ ಬೀಜದ ಸುತ್ತ ಖಾಲಿ ಬಳೆಯಂತೆ ಕಾಣುವ, ವೈರಸ್ ಕೂತ ಗುರುತು ಅದು. ಇವು ಹೆಚ್ಚಾಗಿ ತಾವೇ ವಾಸಿಯಾಗುತ್ತವೆ, ಆದರೆ ವೈದ್ಯರು ಹೇಳಿದ ಹೊತ್ತಿಗೆ ಮತ್ತೆ ಹೋಗಬೇಕು. 'ಎಚ್‌ಎಸ್‌ಐಎಲ್' ಎಂದರೆ ಗಂಭೀರ ಬದಲಾವಣೆ. ಅದು ಕ್ಯಾನ್ಸರ್ ಎಂಬ ತೀರ್ಪಲ್ಲ, ಆದರೆ ಕ್ಯಾನ್ಸರ್ ಆಗಬಹುದಾದ ದಾರಿಯಲ್ಲಿದೆ ಎಂಬ ಎಚ್ಚರಿಕೆ. ತಡ ಮಾಡಬಾರದು.

ಮುಂದಿನ ಹೆಜ್ಜೆ ಕಾಲ್ಪೊಸ್ಕೋಪಿ. ಗರ್ಭಕೊರಳನ್ನು ದೊಡ್ಡದು ಮಾಡಿ ತೋರಿಸುವ ಯಂತ್ರದಲ್ಲಿ ನೋಡಿ, ಸಂಶಯ ಇದ್ದ ಜಾಗದಿಂದ ಅಕ್ಕಿಕಾಳಿನಷ್ಟು ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಆ ಬಯಾಪ್ಸಿಯ ಉತ್ತರ 'ಸಿಐಎನ್' 1, 2, 3 ಎಂದು ಬರುತ್ತದೆ. ಒಂದು ಹಗುರ, ಮೂರು ಗಂಭೀರ. ಎರಡು ಮೂರು ಬಂದರೆ ಹೆಚ್ಚಾಗಿ ಆ ಜಾಗವನ್ನು ಶಾಖದಿಂದಲೋ ತಂಪಿನಿಂದಲೋ ಸುಡುತ್ತಾರೆ, ಇಲ್ಲವೆ ವಿದ್ಯುತ್ ತಂತಿಯ ಸಣ್ಣ ಕುಣಿಕೆಯಿಂದ ತೆಗೆದುಬಿಡುತ್ತಾರೆ. ಇದಕ್ಕೆ ಲೀಪ್ ಎನ್ನುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಗರ್ಭಕೋಶ ಉಳಿಯುತ್ತದೆ, ಮುಂದೆ ಮಕ್ಕಳೂ ಆಗಬಹುದು.

ಇದನ್ನು ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ದುಃಖದ ಸಾಕ್ಷಿ ಇದೆ. 1960ರ ದಶಕದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಒಬ್ಬ ವೈದ್ಯರು ಈ ಬದಲಾವಣೆ ಕ್ಯಾನ್ಸರ್ ಆಗುವುದಿಲ್ಲ ಎಂದು ನಂಬಿ, ಹಲವು ಮಹಿಳೆಯರಿಗೆ ಸರಿಯಾದ ಚಿಕಿತ್ಸೆ ಕೊಡದೆ ಬರೇ ನೋಡುತ್ತಾ ಕೂತರು. ಮುಂದೆ ಅದು ಆ ದೇಶದಲ್ಲಿ ದೊಡ್ಡ ವಿಚಾರಣೆಯೇ ಆಯಿತು. 2008ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹಾಗೆ ಬಿಟ್ಟ ಸಿಐಎನ್ 3 ಮೂವತ್ತು ವರ್ಷಗಳಲ್ಲಿ ನೂರಕ್ಕೆ ಸುಮಾರು 31 ಮಂದಿಯಲ್ಲಿ ಕ್ಯಾನ್ಸರ್ ಆಗಿತ್ತು. ಸರಿಯಾದ ಚಿಕಿತ್ಸೆ ಸಿಕ್ಕವರಲ್ಲಿ ನೂರಕ್ಕೆ ಒಬ್ಬರಿಗೂ ಆಗಿರಲಿಲ್ಲ. 31 ಎಲ್ಲಿ, ಒಂದಕ್ಕಿಂತ ಕಡಿಮೆ ಎಲ್ಲಿ! ನಡುವೆ ಇರುವುದು ಅರ್ಧ ದಿನದ ಒಂದು ಚಿಕಿತ್ಸೆ.

ಈಗ ಆ ಎರಡನೆಯ ಪ್ರಶ್ನೆಗೆ ಬರೋಣ. ಇದು ಎಲ್ಲಿಂದ ಬಂತು?

ಈ ವೈರಸ್ ಹರಡುವುದು ಹೆಚ್ಚಾಗಿ ದೈಹಿಕ ಸಂಬಂಧದಿಂದ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಯಾವಾಗ ಬಂತು, ಯಾರಿಂದ ಬಂತು ಎಂದು ಹೇಳುವ ಪರೀಕ್ಷೆ ಲೋಕದಲ್ಲಿ ಎಲ್ಲೂ ಇಲ್ಲ. ಮದುವೆಯ ಹೊಸತರಲ್ಲಿ ಬಂದ ವೈರಸ್ ಹತ್ತು ಹದಿನೈದು ವರ್ಷ ಅಡಗಿ ಕೂತು, ದೇಹದ ಶಕ್ತಿ ಕುಂದಿದಾಗ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ಗಂಡಸಿನ ದೇಹದಲ್ಲಿ ಅದು ಯಾವ ಗುರುತೂ ಇಲ್ಲದೆ ಇರುತ್ತದೆ, ಗಂಡಸರಿಗೆ ಅದನ್ನು ತಿಳಿಯುವ ವಾಡಿಕೆಯ ಪರೀಕ್ಷೆಯೂ ಇಲ್ಲ. ಹೀಗಿರುವಾಗ ರಿಪೋರ್ಟ್ ಬರುವುದು ಯಾವಾಗಲೂ ಹೆಣ್ಣಿನ ಹೆಸರಿನಲ್ಲಿ. ಸಂಶಯದ ಬೆರಳು ತಿರುಗುವುದೂ ಅವಳ ಕಡೆಗೇ. ತಂದವನು ಯಾರೋ, ರಿಪೋರ್ಟ್ ಬಂದದ್ದು ಅವಳಿಗೆ! ಇದು ಯಾವ ನ್ಯಾಯ?

ನಮ್ಮಲ್ಲಿ ಕೆಲವರಿಗೆ ಒಂದು ಸಮಾಧಾನ ಇದೆ, ಸುನ್ನತ್ ಆದ ನಮ್ಮವರಿಗೆ ಇದೆಲ್ಲ ಬರುವುದಿಲ್ಲ ಎಂದು. ಸುನ್ನತ್ ಆದ ಗಂಡಸರಲ್ಲಿ ಈ ವೈರಸ್ ಕಡಿಮೆ ಎಂದು ಅಧ್ಯಯನಗಳು ಹೇಳಿದ್ದು ನಿಜ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಅಪಾಯ ಹೆಚ್ಚಿಸುವ ಬೇರೆ ಕಾರಣಗಳೂ ಇವೆ: ಸಣ್ಣ ಪ್ರಾಯದಲ್ಲಿ ಹೆರಿಗೆ, ಹೆಚ್ಚು ಹೆರಿಗೆಗಳು, ಹೊಗೆಸೊಪ್ಪು, ರೋಗ ತಡೆಯುವ ಶಕ್ತಿ ಕುಗ್ಗಿರುವುದು. ಮೊದಲಿನ ಎರಡು ನಮ್ಮ ಉಮ್ಮಂದಿರ ತಲೆಮಾರಿನಲ್ಲಿ ಎಷ್ಟಿತ್ತು ಎಂದು ನಮಗೆ ಗೊತ್ತೇ ಇದೆ.

ಆದ್ದರಿಂದ ಸಹೋದರರೇ, ಆ ಪ್ರಶ್ನೆಯನ್ನು ಕೇಳಬೇಡಿ. ಅದಕ್ಕೆ ಉತ್ತರವಿಲ್ಲ, ಕೇಳಿದರೆ ಗಾಯ ಮಾತ್ರ ಉಳಿಯುತ್ತದೆ. ಆಧಾರವಿಲ್ಲದ ಸಂಶಯದಿಂದ ದೂರವಿರಿ ಎಂದು ನಮ್ಮ ದೀನ್ ಕಲಿಸಿದೆ, ಇನ್ನೊಬ್ಬರ ಗುಟ್ಟು ಹರಡುವುದನ್ನು ದೊಡ್ಡ ಪಾಪವೆಂದಿದೆ. ರಿಪೋರ್ಟಿನ ಫೋಟೋವನ್ನು ರೂಮಿನ ಗೆಳೆಯನಿಗೆ ತೋರಿಸುವ ಮೊದಲು, ಭಾವನಿಗೋ ಚಿಕ್ಕಪ್ಪನಿಗೋ ಫಾರ್ವರ್ಡ್ ಮಾಡುವ ಮೊದಲು, ಅದು ಹೆಂಡತಿಯ ಮಾನ ಎಂದು ನೆನಪಿಡಿ. ಆ ಮಧ್ಯಾಹ್ನ ಕೇಳಬೇಕಾದ ಪ್ರಶ್ನೆ ಒಂದೇ: "ಡಾಕ್ಟರು ಮುಂದೆ ಯಾವಾಗ ಬರಲಿಕ್ಕೆ ಹೇಳಿದ್ದಾರೆ? ಅಲ್ಲಿಯವರೆಗೆ ನಾನು ಏನು ಮಾಡಲಿ?"

ಇನ್ನು ನಮ್ಮ ತಪ್ಪಿನ ಲೆಕ್ಕ. ಈ ಸಂಘಟನೆ ಶುರುವಾದಂದಿನಿಂದ ರಕ್ತದಾನ ಶಿಬಿರ ಮಾಡಿದ್ದೇವೆ, ಶುಗರ್ ಬಿಪಿ ನೋಡಿಸಿದ್ದೇವೆ, ಹೃದಯದ ಬಗ್ಗೆ ಡಾಕ್ಟರುಗಳನ್ನು ಕರೆಸಿ ಭಾಷಣ ಮಾಡಿಸಿದ್ದೇವೆ. ಕುರ್ಚಿಯಲ್ಲಿ ಕೂತವರು ಗಂಡಸರು, ಕೈ ಚಾಚಿದವರು ಗಂಡಸರು. ಊರಿನಲ್ಲಿ ಯಾವುದೋ ಸಹೋದರಿಗೆ ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂತು, ಮಕ್ಕಳು ಸಣ್ಣವರು ಎಂಬ ಮನವಿ ಬಂದಾಗ ಒಂದೇ ಶುಕ್ರವಾರದಲ್ಲಿ ವಂತಿಗೆ ಎತ್ತಿದ್ದೇವೆ. ಕೊಟ್ಟವರಿಗೆಲ್ಲ ಅಲ್ಲಾಹು ಪ್ರತಿಫಲ ನೀಡಲಿ. ಆದರೆ ಆ ಸಹೋದರಿಗೆ ಹತ್ತು ವರ್ಷ ಹಿಂದೆ ಒಂದು ಪ್ಯಾಪ್ ಸ್ಮಿಯರ್ ಮಾಡಿಸಲು ನಾವು ಯಾರೂ ಹೇಳಿರಲಿಲ್ಲ. ಕಾರ್ಗೋ ಪೆಟ್ಟಿಗೆಯಲ್ಲಿ ಟ್ಯಾಂಗ್, ನಿಡೋ, ಕಂಬಳಿ, ಅತ್ತರು ಎಲ್ಲ ಕಳಿಸುತ್ತೇವೆ. "ನೀನು ಒಮ್ಮೆ ಡಾಕ್ಟರಿಗೆ ತೋರಿಸು" ಎಂಬ ಮಾತು ಮಾತ್ರ ಆ ಪೆಟ್ಟಿಗೆಯಲ್ಲಿ ಇರುವುದಿಲ್ಲ.

ಇದು ನಮ್ಮ ಸಮುದಾಯದ ಕೊರತೆ ಮಾತ್ರವಲ್ಲ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಈ ಕ್ಯಾನ್ಸರ್ ಬಂದ ಮಹಿಳೆಯರು ಸುಮಾರು 1,27,000, ತೀರಿಹೋದವರು ಸುಮಾರು 80,000. ಏಳು ನಿಮಿಷ ತುಂಬುವ ಮೊದಲೇ ಒಬ್ಬರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಮಹಿಳೆಯರನ್ನು ಕೇಳಿದಾಗ, ಬದುಕಿನಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿದ್ದೇನೆ ಎಂದವರು ನೂರಕ್ಕೆ ಇಬ್ಬರೂ ಇಲ್ಲ, ಶೇ. 1.9. ವಿಶ್ವ ಆರೋಗ್ಯ ಸಂಸ್ಥೆ 2030ರೊಳಗೆ ನೂರಕ್ಕೆ 70 ಮಹಿಳೆಯರಿಗೆ ಆಗಬೇಕು ಎನ್ನುತ್ತಿದೆ. ಎಷ್ಟು ದೂರದ ದಾರಿ ನೋಡಿ.

ಬಡವರ ಊರಿನಲ್ಲಿ ಇದೆಲ್ಲ ಆಗುವ ಮಾತಲ್ಲ ಎನ್ನುವವರಿಗೆ ನಮ್ಮ ಗಡಿಯಾಚೆಯೇ ಉತ್ತರ ಇದೆ. ಬೀದರ್, ಕಲಬುರಗಿಯ ಪಕ್ಕದಲ್ಲಿರುವ ಮಹಾರಾಷ್ಟ್ರದ, ಆಗ ಉಸ್ಮಾನಾಬಾದ್ ಎನ್ನುತ್ತಿದ್ದ ಜಿಲ್ಲೆಯ ಹಳ್ಳಿಗಳಲ್ಲಿ 1,31,000ಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿ ದೊಡ್ಡ ಅಧ್ಯಯನ ನಡೆಯಿತು. ಫಲಿತಾಂಶ ಬಂದದ್ದು 2009ರಲ್ಲಿ. ಎಚ್‌ಪಿವಿ ಪರೀಕ್ಷೆಗೆ ಆರಿಸಿದ ಊರುಗಳಲ್ಲಿ, ಬದುಕಿನಲ್ಲಿ ಒಂದೇ ಒಂದು ಸಲದ ಪರೀಕ್ಷೆಯಿಂದ, ಎಂಟು ವರ್ಷಗಳಲ್ಲಿ ಈ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಅಲ್ಲಿನ ಸಾಮಾನ್ಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಎರಡು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆ ಮಾಡಿಸಿದರು. ಸಾವು ಶೇ. 31ರಷ್ಟು ಕಡಿಮೆಯಾಯಿತು. ಅಲ್ಲಿ ದೊಡ್ಡ ಯಂತ್ರ ಇರಲಿಲ್ಲ, ಮನೆಮನೆಗೆ ಹೋಗಿ ಕರೆಯುವವರು ಇದ್ದರು. ಅಷ್ಟೆ.

ಹಾಗಾದರೆ ನಾವು ಏನು ಮಾಡಬೇಕು? ಮೊದಲು ಕತರಿನಲ್ಲಿ ಕುಟುಂಬದೊಂದಿಗೆ ಇರುವವರಿಗೆ. ಇಲ್ಲಿ ಸರಕಾರದ 'ಸ್ಕ್ರೀನ್ ಫಾರ್ ಲೈಫ್' ಎಂಬ ಕಾರ್ಯಕ್ರಮ 2016ರಿಂದ ಇದೆ, ಆದರೆ ಅದು ಸ್ತನ ಮತ್ತು ಕರುಳಿನ ಕ್ಯಾನ್ಸರಿಗೆ. ಗರ್ಭಕೊರಳಿನ ಪರೀಕ್ಷೆಯನ್ನು ನಾವೇ ಬಾಯಿ ಬಿಟ್ಟು ಕೇಳಬೇಕು. ಹೆಲ್ತ್ ಕಾರ್ಡ್ ಇರುವ ಸಹೋದರಿಯರು ತಮ್ಮ ವಿಳಾಸಕ್ಕೆ ಸೇರಿದ ಪಿಎಚ್‌ಸಿಸಿ ಹೆಲ್ತ್ ಸೆಂಟರಿಗೆ ಹೋಗಿ, ಅಥವಾ 107ಕ್ಕೆ ಫೋನ್ ಮಾಡಿ, ಮಹಿಳೆಯರ ಕ್ಲಿನಿಕ್‌ನಲ್ಲಿ ಪ್ಯಾಪ್ ಸ್ಮಿಯರ್ ಆಗಬೇಕು, ಲೇಡಿ ಡಾಕ್ಟರೇ ಬೇಕು ಎಂದು ಹೇಳಿ. ಈ ಊರಿನಲ್ಲಿ ಹಾಗೆ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಮುಂದಿನ ಚಿಕಿತ್ಸೆ ಬೇಕಾದರೆ ಅವರೇ ಹಮದ್ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಒಬ್ಬಳೇ ಬಂದು ದುಡಿಯುವ ನರ್ಸುಗಳನ್ನು, ಮನೆಗೆಲಸದ ಸಹೋದರಿಯರನ್ನು ಮರೆಯಬೇಡಿ. ಅವರಿಗೆ ರಜೆಯೂ ಕಡಿಮೆ, ಕೇಳುವವರೂ ಕಡಿಮೆ. ನಿಮಗೆ ಪರಿಚಯವಿದ್ದರೆ ಈ ಪುಟವನ್ನು ಅವರಿಗೆ ತಲುಪಿಸಿ.

ಇನ್ನು ಊರಿನಲ್ಲಿರುವವರಿಗೆ. 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ವಿಐಎ ಪರೀಕ್ಷೆ ಮಾಡಬೇಕೆಂಬುದು ಸರಕಾರದ್ದೇ ನಿಯಮ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ಮಾಡುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಗೊತ್ತಾಗುತ್ತದೆ. ಅಲ್ಲಿ ಆಗದಿದ್ದರೆ ಮಂಗಳೂರಿನ ಲೇಡಿ ಗೋಶನ್ ಸರಕಾರಿ ಆಸ್ಪತ್ರೆ ಇದೆ, ದೇರಳಕಟ್ಟೆಯಿಂದ ಮಣಿಪಾಲದವರೆಗೆ ಮೆಡಿಕಲ್ ಕಾಲೇಜುಗಳಿವೆ, ಎಲ್ಲ ಕಡೆ ಮಹಿಳಾ ವೈದ್ಯರಿದ್ದಾರೆ. ಗಂಭೀರವಾದರೆ ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆ ಇದೆ. ಪರೀಕ್ಷೆಗೆ ಬೇಕಾದದ್ದು ಐದು ಹತ್ತು ನಿಮಿಷ. ಸ್ವಲ್ಪ ಇರುಸುಮುರುಸು ಆಗುತ್ತದೆ, ಸಾಮಾನ್ಯವಾಗಿ ದೊಡ್ಡ ನೋವಿಲ್ಲ. ಖಾಲಿ ಹೊಟ್ಟೆ ಬೇಕಿಲ್ಲ. ಮುಟ್ಟಿನ ದಿನಗಳು ಬೇಡ, ಹಿಂದಿನ ಎರಡು ದಿನ ದೈಹಿಕ ಸಂಬಂಧ ಬೇಡ, ಒಳಗೆ ತೊಳೆಯುವುದಾಗಲಿ ಔಷಧಿ ಹಾಕುವುದಾಗಲಿ ಬೇಡ. ಉಪವಾಸದ ತಿಂಗಳು ಬಿಟ್ಟು ಬೇರೆ ದಿನ ಇಟ್ಟುಕೊಂಡರೆ ಆ ಸಂಬಂಧದ ಪ್ರಶ್ನೆಗಳೂ ಏಳುವುದಿಲ್ಲ.

ಮುಟ್ಟು ನಿಂತ ಮೇಲೆ ಪರೀಕ್ಷೆ ಬೇಡ ಎಂದು ನಮ್ಮ ಉಮ್ಮಂದಿರು ಹೇಳುತ್ತಾರೆ. ಅದು ತಪ್ಪು. ಇಷ್ಟು ನಿಧಾನವಾಗಿ ಬೆಳೆಯುವ ರೋಗ ಹೊರಗೆ ಬರುವುದೇ ಆ ವಯಸ್ಸಿನಲ್ಲಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಸಂಬಂಧದ ನಂತರ ರಕ್ತ ಬಂದರೆ, ಎರಡು ಮುಟ್ಟಿನ ನಡುವೆ ರಕ್ತ ಹೋದರೆ, ವಾಸನೆಯ ಬಿಳಿಸೆರಗು ಇದ್ದರೆ ತಪಾಸಣೆಯ ದಿನಕ್ಕಾಗಿ ಕಾಯಬಾರದು, ನೇರ ಡಾಕ್ಟರಲ್ಲಿಗೆ ಹೋಗಬೇಕು. "ಉಷ್ಣ ಆಗಿದೆ" ಎಂದು ಕೊತ್ತಂಬರಿ ನೀರು ಕುಡಿದು ವರ್ಷ ಕಳೆಯಬಾರದು.

ಒಂದು ಎಚ್ಚರಿಕೆಯೂ ಇದೆ. ಕ್ಯಾನ್ಸರ್ ಎಂಬ ಹೆದರಿಕೆಗೆ ಗರ್ಭಕೋಶವನ್ನೇ ತೆಗೆಸಿಕೊಳ್ಳುವವರಿದ್ದಾರೆ. ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಅಗತ್ಯವಿಲ್ಲದೆ ಗರ್ಭಕೋಶ ತೆಗೆದಿದ್ದಾರೆ ಎಂದು ಬಡ ಮಹಿಳೆಯರು ಬೀದಿಗಿಳಿದು ಹೋರಾಡಿದ್ದನ್ನು ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ಕ್ಯಾನ್ಸರ್ ಪೂರ್ವದ ಬದಲಾವಣೆಗೆ ಸಾಮಾನ್ಯವಾಗಿ ಅಷ್ಟು ದೊಡ್ಡ ಆಪರೇಷನ್ ಬೇಕಾಗುವುದಿಲ್ಲ. ಬರೇ ಪ್ಯಾಪ್ ರಿಪೋರ್ಟ್ ನೋಡಿ ಗರ್ಭಕೋಶ ತೆಗೆಯೋಣ ಎಂದರೆ "ಕಾಲ್ಪೊಸ್ಕೋಪಿ, ಬಯಾಪ್ಸಿ ಆಯಿತೇ?" ಎಂದು ಕೇಳಿ. ಇನ್ನೊಬ್ಬ ವೈದ್ಯರಿಗೂ ತೋರಿಸಿ. ಹಣ ಕಳಿಸುವವರು ನೀವು, ಕೇಳುವ ಹಕ್ಕು ನಿಮಗಿದೆ, ಅದಕ್ಕಿಂತ ಹೆಚ್ಚು ಅವಳಿಗಿದೆ.

ಹೆಣ್ಣುಮಕ್ಕಳಿಗೆ ಲಸಿಕೆ ಇದೆ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಒಳ್ಳೆಯದು. ವೈರಸ್ ಬಂದ ಮೇಲೆ ಲಸಿಕೆ ಅದನ್ನು ಓಡಿಸುವುದಿಲ್ಲ, ಬರುವ ಮೊದಲು ತಡೆಯುತ್ತದೆ. ನಮ್ಮ ದೇಶದ್ದೇ 'ಸರ್ವಾವ್ಯಾಕ್' ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದೆ. ಸಿಕ್ಕಿಂ ರಾಜ್ಯ 2018ರಲ್ಲೇ ಶಾಲೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ಇದು ನಮ್ಮವರ ವಿರುದ್ಧದ ಏನೋ ಹುನ್ನಾರ ಎಂಬ ವಾಟ್ಸಾಪ್ ಸಂದೇಶ ನಂಬುವವರು ಗಮನಿಸಿ: ಮಲೇಷ್ಯಾ 2010ರಿಂದ ಶಾಲೆಯಲ್ಲೇ ಕೊಡುತ್ತಿದೆ, ಬಾಂಗ್ಲಾದೇಶ 2023ರಲ್ಲಿ ಶುರು ಮಾಡಿದೆ. ಸ್ಕಾಟ್ಲೆಂಡಿನಲ್ಲಿ 12-13ರ ವಯಸ್ಸಿನಲ್ಲಿ ಲಸಿಕೆ ಪಡೆದ ಹುಡುಗಿಯರನ್ನು ದೊಡ್ಡವರಾದ ಮೇಲೆ ನೋಡಿದಾಗ ಒಬ್ಬರಿಗೂ ಈ ಕ್ಯಾನ್ಸರ್ ಬಂದಿರಲಿಲ್ಲ ಎಂದು 2024ರಲ್ಲಿ ವರದಿಯಾಯಿತು. ಆದರೂ ಲಸಿಕೆ ಎಲ್ಲ ಬಗೆಯ ವೈರಸ್ಸನ್ನೂ ತಡೆಯದು. ಹಾಗಾಗಿ ಹಾಕಿಸಿಕೊಂಡವರೂ 30ರ ನಂತರ ಪರೀಕ್ಷೆ ಬಿಡುವಂತಿಲ್ಲ.

ನಾಚಿಕೆ ಈಮಾನಿನ ಭಾಗ ಎಂದು ನಾವು ಕಲಿತವರು. ಆ ನಾಚಿಕೆಯನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಹೆರಿಗೆಗೆ ಆಸ್ಪತ್ರೆಗೆ ಹೋಗುವಾಗ ಅಡ್ಡ ಬಾರದ ನಾಚಿಕೆ, ಪ್ರಾಣ ಉಳಿಸುವ ಪರೀಕ್ಷೆಗೆ ಹೋಗುವಾಗ ಯಾಕೆ ಅಡ್ಡ ಬರಬೇಕು ಎಂದು ಮಾತ್ರ ಕೇಳುತ್ತಿದ್ದೇವೆ. ನಿಜ ಹೇಳಬೇಕಾದರೆ ಹೆಣ್ಣುಮಕ್ಕಳನ್ನು ತಡೆಯುವುದು ನಾಚಿಕೆಗಿಂತ ಹೆಚ್ಚಾಗಿ ನಮ್ಮ ಮೌನ. ಆಟೋ ಬಾಡಿಗೆಗೆ ಹಣ ಬೇಕು, ಮಕ್ಕಳನ್ನು ನೋಡಿಕೊಳ್ಳಲು ಜನ ಬೇಕು, ಅತ್ತೆಯ ಒಪ್ಪಿಗೆ ಬೇಕು, "ಏನಾಗಿದೆ ನಿನಗೆ?" ಎಂಬ ಪ್ರಶ್ನೆಗೆ ಉತ್ತರ ಬೇಕು. "ನಾನೇ ಹೋಗಲಿಕ್ಕೆ ಹೇಳಿದ್ದು" ಎಂದು ಗಂಡ ಕತರಿನಿಂದ ಒಂದು ಫೋನ್ ಮಾಡಿದರೆ ಅಷ್ಟೂ ಬಾಗಿಲು ತೆರೆಯುತ್ತದೆ.

ನಮ್ಮ ಪಾಲಿನದ್ದನ್ನು ನಾವು ಹೇಳಿಬಿಡುತ್ತೇವೆ. ಮುಂದಿನ ಆರೋಗ್ಯ ಶಿಬಿರದಲ್ಲಿ ಸಹೋದರಿಯರಿಗೆ ಬೇರೆಯೇ ಸಮಯ, ಬೇರೆಯೇ ಜಾಗ ಇಟ್ಟು, ಮಹಿಳಾ ವೈದ್ಯರಿಂದ ಈ ವಿಷಯ ಹೇಳಿಸುತ್ತೇವೆ. ಚಿಕಿತ್ಸಾ ನಿಧಿಯ ಒಂದು ಪಾಲನ್ನು ಊರಿನಲ್ಲಿರುವ ಸದಸ್ಯರ ಮನೆಯವರ ತಪಾಸಣೆಗೆ ಮೀಸಲಿಡುವ ಪ್ರಸ್ತಾಪವನ್ನು ಬರುವ ಸಭೆಯಲ್ಲಿ ಮಂಡಿಸುತ್ತೇವೆ. ಅದಕ್ಕೆ ಅರ್ಜಿ ಹಾಕುವವರ ಹೆಸರು ಸಭೆಯಲ್ಲೂ ಓದುವುದಿಲ್ಲ, ಪತ್ರಿಕೆಯಲ್ಲೂ ಹಾಕುವುದಿಲ್ಲ. ಬೇಡ ಎನ್ನುವವರು ಸಭೆಗೆ ಬಂದು ಕಾರಣ ಹೇಳಲಿ.

ಕೊನೆಗೆ, ಆ ಮಧ್ಯಾಹ್ನ ಫೋನ್ ಮಾಡಿದ ಸಹೋದರರ ವಿಷಯ. ಅವರು ಎರಡನೆಯ ಪ್ರಶ್ನೆಯನ್ನು ಹೆಂಡತಿಗೆ ಕೇಳಲಿಲ್ಲ. ಅಂದು ರಾತ್ರಿ ಫೋನ್ ಮಾಡಿ, "ಹೆದರಬೇಡ, ಡಾಕ್ಟರು ಹೇಳಿದ ದಿನ ಹೋಗು" ಎಂದಷ್ಟೇ ಹೇಳಿದರಂತೆ. ಕಾಲ್ಪೊಸ್ಕೋಪಿ ಆಯಿತು, ಬಯಾಪ್ಸಿ ಆಯಿತು, ಲೀಪ್ ಆಯಿತು. ಬೆಳಗ್ಗೆ ಹೋದವರು ಅಸರಿಗೆ ಮನೆಗೆ ಬಂದಿದ್ದರು. ಆರು ತಿಂಗಳ ನಂತರದ ಪರೀಕ್ಷೆ ಸರಿಯಾಗಿ ಬಂದಿದೆ, ಅಲ್‌ಹಮ್ದುಲಿಲ್ಲಾಹ್. ಇನ್ನೂ ಹಲವು ವರ್ಷ ತಪ್ಪದೆ ತೋರಿಸುತ್ತಾ ಇರಬೇಕು. ಮೊನ್ನೆ ಆ ಸಹೋದರರು ತಮ್ಮ ರೂಮಿನ ನಾಲ್ಕು ಮಂದಿಗೆ ಅವರವರ ಮನೆಗೆ ಫೋನ್ ಮಾಡಲು ಹೇಳಿದ್ದಾರೆ. ಹೆಂಡತಿಯ ವಿಷಯ ಬಾಯಿ ಬಿಡಲಿಲ್ಲ. "ಪತ್ರಿಕೆಯಲ್ಲಿ ಬರುತ್ತದಂತೆ, ಓದಿ" ಎಂದರಂತೆ.

ಓದಿದಿರಲ್ಲ. ಇವತ್ತು ರಾತ್ರಿ ಊರಿಗೆ ಫೋನ್ ಮಾಡುವಾಗ, ಮಕ್ಕಳ ಫೀಸು, ಮಳೆ, ಮನೆಯ ಕೆಲಸ ಎಲ್ಲ ಮಾತಾಡಿ ಮುಗಿದ ಮೇಲೆ, ಒಂದು ಮಾತು ಸೇರಿಸಿ. ಅಲ್ಲಾಹು ನಮ್ಮ ಮನೆಗಳನ್ನು ಕಾಪಾಡಲಿ. ಆಮೀನ್.